ರೈಡ್ ಹೊರಟಾಗ ಮನೆಯಲ್ಲೇ ಉಳಿಯೋ ಸಾಮಾನು ಯಾವುದು? (ಹಾಸನ, ಚಿಕ್ಕಮಗಳೂರು ಕಡೆಯವರು ಹೇಳಿ)

ಯಗಚಿ_ದಂಡೆ
ಅಕ್ಟೋಬರ್ ಮೊದಲ ಶನಿವಾರ ಐದು ಗಾಡಿ, ಎಂಟು ಜನ ಹೊರಡ್ತಿದೀವಿ. ಹಾಸನ, ಬೇಲೂರು, ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಹೊರನಾಡು. ರಾತ್ರಿ ಹೊರನಾಡಲ್ಲಿ. ಭಾನುವಾರ ಬಾಳೆಹೊನ್ನೂರು, ಆಲ್ದೂರು ಮೇಲೆ ವಾಪಸ್. ಗಾಡಿಗಳು: ಎರಡು ಪಲ್ಸರ್, ಒಂದು ಅಪಾಚೆ, ಒಂದು ಎಕ್ಸ್‌ಪಲ್ಸ್ 200, ಒಂದು ಸ್ಪೋಕ್ ಚಕ್ರದ ಹಳೇ ಕ್ಲಾಸಿಕ್ 350. ಅಂದ್ರೆ ಮೂರು ಟ್ಯೂಬ್‌ಲೆಸ್, ಎರಡಕ್ಕೆ ಟ್ಯೂಬ್.

ಏನೇನು ತಗೊಂಡು ಹೋಗಬೇಕು ಅನ್ನೋ ಪಟ್ಟಿ ಬೇಡ, ಅದು ಎಲ್ಲರ ಫೋನಲ್ಲೂ ಇದೆ. ಪಟ್ಟಿ ಇದ್ದೂ ಯಾವುದು ಬಿಟ್ಟು ಹೋಗುತ್ತೆ, ಯಾಕೆ ಬಿಟ್ಟು ಹೋಗುತ್ತೆ, ಹೋಗದಿರೋಕೆ ಏನು ಮಾಡಬೇಕು? ಅದನ್ನ ಹೇಳಿ.

ಬುಲೆಟ್_ಬೇಲೂರು
ತಲೆ ಒಂದು ಬಿಟ್ಟು ಬರಬೇಡಿ, ಬಾಕಿದ್ದೆಲ್ಲ ದಾರೀಲಿ ಸಿಗುತ್ತೆ 😄

ಪಂಕ್ಚರ್_ಪಂಡಿತ
ಬೇಲೂರಣ್ಣ, ಭಾನುವಾರ ಬೆಳಿಗ್ಗೆ ಕಳಸ ಮತ್ತು ಬಾಳೆಹೊನ್ನೂರಿನ ನಡುವೆ ಏನು ಸಿಗುತ್ತೆ ಹೇಳಿ ನೋಡೋಣ.

ಪ್ರಶ್ನೆಗೆ ಬರ್ತೀನಿ. ಜನ ಇಡೀ ಸಾಮಾನು ಮರೆಯೋದು ಕಡಿಮೆ, ಮರೆಯೋದು ಅದರ ಜೋಡಿಯನ್ನ. ಟ್ಯೂಬ್ ಇರುತ್ತೆ, ಆಕ್ಸಲ್ ನಟ್‌ಗೆ (ಚಕ್ರ ಹಿಡಿದಿರೋ ಕಡ್ಡಿಯ ನಟ್) ಕೂರೋ ಸ್ಪ್ಯಾನರ್ ಇರಲ್ಲ. ಪಂಕ್ಚರ್ ಕಿಟ್ ಇರುತ್ತೆ, ಗಾಳಿ ತುಂಬೋಕೆ ಏನೂ ಇರಲ್ಲ. ಇನ್‌ಫ್ಲೇಟರ್ (ಕರೆಂಟಿನ ಗಾಳಿ ಪಂಪ್) ಇರುತ್ತೆ, ಅದರ ಬ್ಯಾಟರಿ ಕ್ಲಿಪ್ ಕಾರಿನ ಡಿಕ್ಕೀಲಿ ಉಳಿದಿರುತ್ತೆ. ಗಮ್ ಟ್ಯೂಬ್ ಇರುತ್ತೆ, ಒಳಗೆ ಒಣಗಿ ಕಲ್ಲಾಗಿರುತ್ತೆ. ಪಟ್ಟಿಯಲ್ಲಿ "ಪಂಕ್ಚರ್ ಕಿಟ್" ಅಂತ ಒಂದು ಸಾಲು ಬರೆದು ಟಿಕ್ ಹಾಕಿದ್ರೆ ಇವೆಲ್ಲ ಆ ಟಿಕ್ಕಿನಡಿ ಮುಚ್ಚಿಹೋಗ್ತವೆ.

ಹಾಗಾಗಿ ಸಾಮಾನಿನ ಹೆಸರು ಬರೀಬೇಡಿ, ಕೆಲಸ ಬರೀರಿ. "ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಗಾಳಿ ತುಂಬಿ, ವಾಪಸ್ ಹಾಕೋದು" ಅಂತ ಬರೆದುಕೊಂಡು, ಆ ಕೆಲಸವನ್ನ ಮನೆ ಮುಂದೆ ಕಿಟ್‌ನಲ್ಲಿರೋ ಸಾಮಾನಿಂದಲೇ ಒಮ್ಮೆ ಪೂರ್ತಿ ಮಾಡಿ. ಏನು ಇಲ್ಲ ಅನ್ನೋದು ಅಲ್ಲೇ ತಿಳಿಯುತ್ತೆ.

ಕಾಫಿ_ಹೂ
ಇದಕ್ಕೆ ಇನ್ನೊಂದು ಸೇರಿಸ್ತೀನಿ. ಯಾವ ಸಾಮಾನು ರೈಡ್ ಮುಗಿದ ಮೇಲೆ ಬ್ಯಾಗಿಂದ ಹೊರಗೆ ಬರುತ್ತೋ ಅದೇ ಮುಂದಿನ ಸಲ ಮನೇಲಿ ಉಳಿಯುತ್ತೆ. ಚಾರ್ಜಿಗೆ ಹಾಕಿದ್ದು: ಪವರ್ ಬ್ಯಾಂಕ್, ಟಾರ್ಚ್, ಬ್ಲೂಟೂತ್ ಇಂಟರ್‌ಕಾಮ್. ಒಣಗಲು ಹಾಕಿದ್ದು: ರೈನ್‌ಕೋಟ್ ಪ್ಯಾಂಟು, ಗ್ಲೌಸು. ತೊಳೆಯಲು ಬಿಚ್ಚಿದ್ದು: ಜಾಕೆಟ್ಟಿನ ಮೊಣಕೈ ಪ್ಯಾಡು. ಇನ್ಯಾವುದಕ್ಕೋ ಎರವಲು ಹೋದದ್ದು: ಪಕ್ಕಡ್, ಸ್ಕ್ರೂ ಡ್ರೈವರ್. ಬ್ಯಾಗಲ್ಲೇ ಉಳಿಯೋ ಕ್ರೇಪ್ ಬ್ಯಾಂಡೇಜನ್ನ ಮರೆತವರು ಯಾರಿದ್ದಾರೆ?

ಉಪಾಯ ಸರಳ. ಹೊರಗೆ ತೆಗೆದಿದ್ದರ ಹೆಸರನ್ನ ಒಂದು ಚೀಟೀಲಿ ಬರೆದು ಗಾಡಿ ಕೀಗೆ ರಬ್ಬರ್ ಬ್ಯಾಂಡ್ ಹಾಕಿ ಸುತ್ತಿಡಿ. ಸಾಮಾನು ವಾಪಸ್ ಬ್ಯಾಗ್ ಸೇರೋ ತನಕ ಚೀಟಿ ಬಿಚ್ಚಬೇಡಿ.

ಗಿರಿಸಾಲು
ಕಾಫಿ ಹೂ ಅಕ್ಕ ಹೇಳಿದ್ದು ನೂರಕ್ಕೆ ನೂರು. ಸರ್ವಿಸ್‌ಗೆ ಬಿಟ್ಟ ಗಾಡಿಯದ್ದೂ ಸೇರಿಸಿ. ಸೀಟಿನಡಿಯ ಟೂಲ್ ಕಿಟ್ ಚೀಲ ಅಲ್ಲೇ ಇರುತ್ತೆ, ಒಳಗಿನ ಪ್ಲಗ್ ಸ್ಪ್ಯಾನರ್ ಇರಲ್ಲ. ಚೀಲ ಮುಟ್ಟಿ ನೋಡಿ ಸುಮ್ನಾಗಬೇಡಿ, ಬಿಚ್ಚಿ ನೋಡಿ.

ಹೇಮಾವತಿ_72
ಕಂಪನಿ ಟೂಲ್ ಕಿಟ್ ನಂಬಬೇಡಿ ಸಾರ್. ಆ ತಗಡಿನ ಸ್ಪ್ಯಾನರಿಗೆ ಬಿಗಿಯಾದ ಆಕ್ಸಲ್ ನಟ್ ಅಲ್ಲಾಡಲ್ಲ, ಜಾರಿ ನಟ್ಟಿನ ಮೂಲೆ ಸವೆದು ದುಂಡಗಾಗುತ್ತೆ. ರಿಂಗ್ ಸ್ಪ್ಯಾನರ್ ತಗೊಳ್ಳಿ, ಜತೆಗೆ ಅದಕ್ಕೆ ತೂರಿಸಿ ಉದ್ದ ಮಾಡೋಕೆ ಒಂದಡಿ ಪೈಪು. ಅಂಗಡೀಲಿ ಗಾಳಿ ಗನ್ ಹಿಡಿದು ಬಿಗಿ ಮಾಡಿರ್ತಾರೆ, ಬರೀ ಕೈಲಿ ಬಿಚ್ಚಲ್ಲ. ಹೊರಡೋ ಮುಂಚೆ ಮನೇಲಿ ಒಂದು ಸಲ ಸಡಿಲ ಮಾಡಿ, ನೀವೇ ಬಿಗಿ ಮಾಡ್ಕಳಿ. ಆಮೇಲೆ ಚೈನ್ ಸಡಿಲ ನೋಡಿ, ಎರಡೂ ಕಡೆ ಅಡ್ಜಸ್ಟರ್ ಗೆರೆ ಒಂದೇ ಇರಬೇಕು.

ಬುಲೆಟ್_ಬೇಲೂರು
ಪಂಡಿತ್ರೇ, ಟ್ಯೂಬ್‌ಲೆಸ್‌ಗೆ ಬತ್ತಿ (ತೂತು ಮುಚ್ಚೋ ಅಂಟು ರಬ್ಬರ್ ದಾರ) ಹಾಕೋಕೆ ಇಷ್ಟೆಲ್ಲ ಪುರಾಣ ಯಾಕೆ? ಚುಚ್ಚು, ತುರುಕು, ಕತ್ತರಿಸು, ಹೋಗು.

ಪಂಕ್ಚರ್_ಪಂಡಿತ
ಹಂಗೆ ಹಾಕಿದ ಬತ್ತೀನೇ ಚಾರ್ಮಾಡಿ ಇಳಿಯುವಾಗ ಗಾಳಿ ಬಿಡೋದು ಮಾರಾಯ್ರೆ.

ಮೊದಲು ಮೊಳೆ ಯಾವ ಕೋನದಲ್ಲಿ ಒಳಗೆ ಹೋಗಿದೆ ನೋಡಿ, ಆಮೇಲೆ ಪಕ್ಕಡ್‌ನಲ್ಲಿ ಕೀಳಿ. ರೀಮರ್ ಅಂದ್ರೆ ಗರಗರ ಹಲ್ಲಿನ ಸೂಜಿ. ಅದನ್ನ ಅದೇ ಕೋನದಲ್ಲಿ ತೂರಿಸಿ ಹತ್ತು ಹನ್ನೆರಡು ಸಲ ಮೇಲೆ ಕೆಳಗೆ ಆಡಿಸಿ. ನೇರ ಚುಚ್ಚಿದ್ರೆ ಎರಡನೇ ತೂತಾಗುತ್ತೆ. ಬತ್ತಿಯನ್ನ ಇನ್ನೊಂದು ಸೂಜಿಯ ಕಣ್ಣಿಗೆ ಸರಿಯಾಗಿ ನಡುವಿಗೆ ಬರೋ ಹಾಗೆ ಪೋಣಿಸಿ, ಗಮ್ ಇದ್ರೆ ಸವರಿ, ಎರಡೂ ತುದಿ ಎರಡು ಸೆಂಟಿಮೀಟರ್ ಹೊರಗಿರೋ ತನಕ ಒತ್ತಿ. ತೆಗೆಯುವಾಗ ತಿರುಚಬೇಡಿ, ನೇರ ಒಂದೇ ಎಳೆತ. ಉಳಿದ ಬಾಲವನ್ನ ಮೂರ್ನಾಲ್ಕು ಮಿಲಿಮೀಟರ್ ಬಿಟ್ಟು ಕತ್ತರಿಸಿ. ಗಾಳಿ ತುಂಬಿದ ಮೇಲೆ ಎಂಜಲೋ ಸೋಪು ನೀರೋ ಹಚ್ಚಿ ಗುಳ್ಳೆ ಬರುತ್ತಾ ನೋಡಿ.

ಇಲ್ಲಿ ಮರೆತು ಹೋಗೋದು ಮೂರು: ಕತ್ತರಿಸೋಕೆ ಬ್ಲೇಡು, ಮೊಳೆ ಕೀಳೋಕೆ ಪಕ್ಕಡು, ಒತ್ತುವಾಗ ಕೈ ಜಾರದಿರೋಕೆ ಬಟ್ಟೆ. ಕಿಟ್ ಕೊಂಡಾಗ ಪೆಟ್ಟಿಗೇಲಿ ಈ ಮೂರೂ ಬರಲ್ಲ, ಅದಕ್ಕೇ ಯಾರಿಗೂ ನೆನಪಾಗಲ್ಲ. ಇನ್ನು ಬತ್ತಿಗೂ ವಯಸ್ಸಿದೆ. ಬೆರಳಲ್ಲಿ ಹಿಂಡಿದ್ರೆ ಅಂಟಬೇಕು. ಒಣಗಿ ಹಗ್ಗದ ಹಾಗಾಗಿದ್ರೆ ಬಿಸಾಕಿ.

ಟೈರಿನ ಪಕ್ಕದ ಗೋಡೆಗೆ ತೂತಾದ್ರೆ ಬತ್ತಿ ಹಾಕಬೇಡಿ. ಆ ಭಾಗ ಪ್ರತಿ ಸುತ್ತಿಗೂ ಮಡಚುತ್ತೆ, ಬತ್ತಿ ನಿಲ್ಲಲ್ಲ.

ಮಂಜಿನ_ದಾರಿ
ಬತ್ತಿ ಹಾಕಿದ ಟೈರಲ್ಲಿ ಎಷ್ಟು ದೂರ ಹೋಗಬಹುದು? ಕೆಲವರು ಟೈರ್ ಸವೆಯೋ ತನಕ ಅಂತಾರೆ, ಕೆಲವರು ಮುಂದಿನ ಅಂಗಡಿ ತನಕ ಅಂತಾರೆ.

ಗಿರಿಸಾಲು
ಸವೆಯೋ ತನಕ. ಊರಲ್ಲಿ ಓಡೋ ಅರ್ಧ ಗಾಡಿಗಳು ಬತ್ತಿ ಮೇಲೇ ಓಡ್ತಿವೆ.

ಪಂಕ್ಚರ್_ಪಂಡಿತ
ಊರಲ್ಲಿ ನಲವತ್ತರಲ್ಲಿ ಓಡಿಸೋಕೂ, ಹಿಂದೆ ಒಬ್ಬರನ್ನ ಕೂರಿಸ್ಕೊಂಡು ಲಗೇಜ್ ಹೇರಿ ಹೆದ್ದಾರೀಲಿ ಎಂಬತ್ತರಲ್ಲಿ ಓಡಿಸೋಕೂ ವ್ಯತ್ಯಾಸ ಇದೆ. ಸಣ್ಣ ಮೊಳೆ ತೂತು, ಟೈರಿನ ನಡು ಭಾಗ, ಗಾಳಿ ಇಳೀತಿಲ್ಲ ಅಂದ್ರೆ ರೈಡ್ ಮುಗಿಸಬಹುದು. ಮನೆಗೆ ಬಂದ ಮೇಲೆ ಟೈರ್ ಬಿಚ್ಚಿಸಿ ಒಳಗಿಂದ ಅಣಬೆ ಆಕಾರದ ಪ್ಯಾಚ್ ಹಾಕಿಸಿ. ಒಂದೇ ತೂತಿಗೆ ಎರಡು ಬತ್ತಿ ತುರುಕಿದ್ರೆ ಮಾತ್ರ ನಿಧಾನವಾಗಿ ಮುಂದಿನ ಅಂಗಡಿ ತನಕ, ಅಷ್ಟೇ.

ಗಿರಿಸಾಲು
ಸರಿ, ಲಗೇಜ್ ಇದ್ದಾಗಿನ ಮಾತು ಒಪ್ಪಿದೆ. ಊರೊಳಗಿನದ್ದಕ್ಕೆ ನನ್ನ ಮಾತು ಅದೇ.

ವೈರಿಂಗ್_ವಠಾರ
ಗಾಳಿ ವಿಷಯಕ್ಕೆ ಬನ್ನಿ. 12 ವೋಲ್ಟ್ ಇನ್‌ಫ್ಲೇಟರ್ ಹತ್ತು ಆಂಪಿಯರ್ ಹತ್ತಿರ ಎಳೆಯುತ್ತೆ. ಹ್ಯಾಂಡಲ್ ಮೇಲಿನ ಯುಎಸ್‌ಬಿ ಸಾಕೆಟ್ ಎರಡು ಮೂರು ಆಂಪಿಯರಿಂದು, ಅದರಲ್ಲಿ ಓಡಲ್ಲ. ಸಿಗರೇಟ್ ಲೈಟರ್ ಪಿನ್ ಹಾಕೋ ಸಾಕೆಟ್ ಇದ್ರೂ ಅದರ ವೈರು ಸಣ್ಣದಾದ್ರೆ ಫ್ಯೂಸ್ ಹೋಗುತ್ತೆ. ಮೊಸಳೆ ಕ್ಲಿಪ್ ನೇರ ಬ್ಯಾಟರಿಗೆ ಹಾಕಿ, ಇಂಜಿನ್ ಚಾಲೂ ಇರಲಿ. ಬ್ಯಾಟರಿ ಸೀಟಿನಡಿಯೋ ಪಕ್ಕದ ಪ್ಯಾನಲ್ ಒಳಗೋ ಇರುತ್ತೆ, ಪ್ಯಾನಲ್ ಬಿಚ್ಚೋ ಅಲೆನ್ ಕೀ ಮರೀಬೇಡಿ. ಜೋಡಿ ಅಂದ್ರೆ ಇದು.

ಚಾರ್ಜ್ ಮಾಡೋ ಇನ್‌ಫ್ಲೇಟರ್ ಚೆನ್ನಾಗಿದೆ, ಆದ್ರೆ ಕಪಾಟಲ್ಲಿ ಆರು ತಿಂಗಳು ಮಲಗಿದ್ದು ಅರ್ಧ ಟೈರಿಗೇ ನಿಲ್ಲುತ್ತೆ. ಐದು ಗಾಡಿ ಅಂದ್ರಲ್ಲ, ಒಬ್ಬರ ಹತ್ತಿರ ಕಾಲಲ್ಲಿ ತುಳಿಯೋ ಪಂಪ್ ಇದ್ರೆ ಸಾಕು, ಅದಕ್ಕೆ ಕರೆಂಟೂ ಬೇಡ, ಆ್ಯಪೂ ಬೇಡ.

ಫ್ಯೂಸ್: ಬ್ಲೇಡ್ ಫ್ಯೂಸಿನ ಬಣ್ಣವೇ ಅಳತೆ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ. ನಿಮ್ಮ ಫ್ಯೂಸ್ ಪೆಟ್ಟಿಗೇಲಿರೋ ಒಂದೊಂದು ಬಣ್ಣಕ್ಕೂ ಎರಡೆರಡು ಇಟ್ಕೊಳ್ಳಿ. ಮಿನಿ ಸೈಜು, ದೊಡ್ಡ ಸೈಜು ಬೇರೆ ಬೇರೆ, ಒಂದರ ಜಾಗಕ್ಕೆ ಇನ್ನೊಂದು ಕೂರಲ್ಲ. ಅದನ್ನೂ ನೋಡಿ.

ಬುಲೆಟ್_ಬೇಲೂರು
10ರದ್ದು ಇಲ್ಲದಿದ್ರೆ 20 ಹಾಕಿ ಮನೆಗೆ ಬನ್ನಿ, ಏನೂ ಆಗಲ್ಲ.

ವೈರಿಂಗ್_ವಠಾರ
ಆಗುತ್ತೆ. ಫ್ಯೂಸ್ ಹೋಗಿದ್ದು ಎಲ್ಲೋ ವೈರು ಉಜ್ಜಿ ಶಾರ್ಟ್ ಆಗಿದ್ರಿಂದ. 20 ಹಾಕಿದ್ರೆ ಫ್ಯೂಸ್ ಉಳಿಯುತ್ತೆ, ವೈರು ಕಾಯುತ್ತೆ, ಟ್ಯಾಂಕ್ ಅಡಿಯಲ್ಲಿ ಪ್ಲಾಸ್ಟಿಕ್ ಕರಗುತ್ತೆ. ಅದೇ ಅಳತೆ ಇಲ್ಲ ಅಂದ್ರೆ ಚಿಕ್ಕದು ಹಾಕಿ, ದೊಡ್ಡದು ಹಾಕಬೇಡಿ.

ಹಾಸನ_ಪೆಡಲ್
ಸೈಕಲ್‌ನವರಿಗೂ ಜಾಗ ಕೊಡಿ ಸ್ವಾಮಿ. ನಮ್ಮ ಕಡೆ ಜೋಡಿ ತಪ್ಪೋದು ಇನ್ನೂ ಜಾಸ್ತಿ. ಕಾರಿಗೆ ಸೈಕಲ್ ಹಾಕ್ಕೊಂಡು ಕೈಮರ ತನಕ ಹೋಗಿ ಅಲ್ಲಿಂದ ಮುಳ್ಳಯ್ಯನಗಿರಿ ಹತ್ತೋರಿದ್ದಾರೆ. ಮುಂದಿನ ಚಕ್ರ ಬಿಚ್ಚಿ ಕಾರೊಳಗೆ ಇಟ್ಟಿರ್ತಾರೆ, ಚಕ್ರದ ಥ್ರೂ ಆಕ್ಸಲ್ (ನಡುವೆ ತೂರಿಸಿ ತಿರುಗಿಸೋ ಕಡ್ಡಿ) ಮಾತ್ರ ಮನೆ ಜಗಲಿ ಮೇಲೆ. ಚಕ್ರ ಬಿಚ್ಚಿದ ಕೂಡಲೇ ಆಕ್ಸಲನ್ನ ಅದೇ ಫೋರ್ಕಿಗೆ ವಾಪಸ್ ತೂರಿಸಿ ಒಂದು ಸುತ್ತು ತಿರುಗಿಸಿಡಿ. ಬ್ಯಾಗು, ಜೇಬು ಯಾವುದೂ ಬೇಡ.

ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಆದ್ರೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಕೂರೋ ಭಾಗ) ನಡುವೆ ಪ್ಲಾಸ್ಟಿಕ್ ತುಂಡೋ ಮಡಚಿದ ರಟ್ಟೋ ಇಡಿ. ಚಕ್ರ ಇಲ್ಲದಾಗ ಯಾರಾದ್ರೂ ಬ್ರೇಕ್ ಹಿಡಿದ್ರೆ ಪ್ಯಾಡ್ ಎರಡೂ ಅಂಟಿಕೊಳ್ತವೆ, ಆಮೇಲೆ ಡಿಸ್ಕ್ ಒಳಗೆ ಹೋಗಲ್ಲ.

ಕಾಲಿಗೆ ಕ್ಲೀಟ್ ಶೂ (ಪೆಡಲಿಗೆ ಕಚ್ಚಿಕೊಳ್ಳೋ ಶೂ) ಹಾಕೋರು ಚಪ್ಪಲೀಲಿ ಕಾರು ಓಡಿಸ್ಕೊಂಡು ಬಂದು ಶೂ ಮನೇಲಿ ಬಿಟ್ಟಿರ್ತಾರೆ. ಹೆಲ್ಮೆಟ್ ಒಳಗೇ ಶೂ, ಶೂ ಒಳಗೇ ಗ್ಲೌಸ್ ತುರುಕಿಡಿ. ಮೂರೂ ಒಂದೇ ಗಂಟು.

ಮಂಜಿನ_ದಾರಿ
ಸೈಕಲ್ ಟೈರಿಗೆ ಬಂಕಲ್ಲಿ ಗಾಳಿ ಹಾಕಿಸಬಹುದಾ?

ಹಾಸನ_ಪೆಡಲ್
ದಪ್ಪ ವಾಲ್ವ್ ಇದ್ರೆ ಆಗುತ್ತೆ, ಅದು ಬೈಕಿಂದೇ ತರಹ. ಸಣ್ಣ ಪ್ರೆಸ್ಟಾ ವಾಲ್ವ್ ಆದ್ರೆ ಒಂದು ಹಿತ್ತಾಳೆ ಅಡಾಪ್ಟರ್ ಬೇಕು, ಬೆರಳಿನ ಉಗುರಷ್ಟು ದೊಡ್ಡದು. ಕಳೆದೇ ಹೋಗುತ್ತೆ, ಹಾಗಾಗಿ ವಾಲ್ವ್ ಮೇಲೇ ತಿರುಗಿಸಿಟ್ಟಿರಿ. ಮೊದಲು ವಾಲ್ವಿನ ತುದಿ ನಟ್ ಸಡಿಲ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಗಾಳಿ ಹೋಗಲ್ಲ.

ಸ್ಪೇರ್ ಟ್ಯೂಬಿನ ಸೈಜ್ ಟೈರಿನ ಪಕ್ಕದಲ್ಲಿ ಬರೆದಿರುತ್ತೆ, 700x28, 27.5x2.1 ಹೀಗೆ. ಗುಂಪಲ್ಲಿ ರೋಡ್ ಬೈಕೂ ಎಂಟಿಬಿಯೂ (ದಪ್ಪ ಟೈರಿನ ಮೌಂಟನ್ ಬೈಕ್) ಇದ್ರೆ ಒಬ್ಬರ ಟ್ಯೂಬ್ ಇನ್ನೊಬ್ಬರಿಗೆ ಆಗಲ್ಲ. ಚೈನಿನ ಕ್ವಿಕ್ ಲಿಂಕೂ (ಕೈಲೇ ಜೋಡಿಸೋ ಕೊಂಡಿ) ಹಾಗೇ, 9 ಸ್ಪೀಡಿಂದು 11ಕ್ಕೆ ಕೂರಲ್ಲ. ಟೈರ್ ಸೀಳಿದ್ರೆ ಒಳಗಿಂದ ಹತ್ತು ರೂಪಾಯಿ ನೋಟು ನಾಲ್ಕು ಮಡಿಕೆ ಮಾಡಿ ಇಟ್ಟು ಟ್ಯೂಬ್ ಹಾಕಿ, ಊರು ಸೇರಬಹುದು.

16 ಗ್ರಾಂ ಗ್ಯಾಸ್ ಕಾರ್ಟ್ರಿಜ್ ಸೈಕಲ್ ಟೈರಿಗೆ ಒಂದು ಸಾಕು. ಬೈಕ್‌ನವರು ಅದನ್ನ ನೋಡಿ ಆಸೆ ಪಡಬೇಡಿ, ನಿಮ್ಮ ಹಿಂದಿನ ಟೈರಿಗೆ ಮೂರು ಹಾಕಿದ್ರೂ ಅರೆ ಹೊಟ್ಟೆ.

ಎಸ್ಟೇಟ್_ರೋಡ್
ಯಾರೂ ಮಳೆ ಬಗ್ಗೆ ಮಾತಾಡ್ತಿಲ್ಲ. ಅಕ್ಟೋಬರ್ ಮೊದಲ ವಾರ ಕೊಟ್ಟಿಗೆಹಾರ, ಕಳಸದ ಕಡೆ ಮಳೆ ಬಿಟ್ಟಿರಲ್ಲ. ಬೇಲೂರಲ್ಲಿ ಬಿಸಿಲು ನೋಡಿ ರೈನ್‌ಕೋಟನ್ನ ಬ್ಯಾಗಿನ ತಳಕ್ಕೆ ಹಾಕಿರ್ತಾರೆ. ತರದಿರೋದು, ತಂದು ತಳದಲ್ಲಿ ಇಡೋದು ಎರಡೂ ಒಂದೇ. ತೆಗೆಯೋ ಹೊತ್ತಿಗೆ ಒಳಗಿನ ಬಟ್ಟೆ ಎಲ್ಲ ಒದ್ದೆ. ರೈನ್‌ಕೋಟ್ ಬ್ಯಾಗಿನ ಹೊರಗೆ, ಕಟ್ಟಿನ ಮೇಲ್ಪದರದಲ್ಲಿ ಇರಬೇಕು.

ಪ್ಯಾಂಟನ್ನ ಶೂ ಹೊರಗೆ ಬಿಡಿ, ಒಳಗೆ ತುರುಕಿದ್ರೆ ನೀರು ನೇರ ಶೂ ಒಳಗೆ ಇಳಿಯುತ್ತೆ. ಗ್ಲೌಸಿನ ಮಣಿಕಟ್ಟು ಕೋಟಿನ ತೋಳೊಳಗೆ ಇರಲಿ. ಒಂದು ಜೊತೆ ಒಣ ಸಾಕ್ಸು, ಎರಡು ದಪ್ಪ ಪ್ಲಾಸ್ಟಿಕ್ ಕವರು. ಶೂ ಒದ್ದೆ ಆದ್ಮೇಲೆ ಒಣ ಸಾಕ್ಸ್ ಹಾಕಿ, ಮೇಲೆ ಕವರ್, ಆಮೇಲೆ ಶೂ.

ಕಪ್ಪು ವೈಸರ್ ಹಾಕ್ಕೊಂಡು ಬಿಳಿ ವೈಸರ್ ಮನೇಲಿ ಬಿಟ್ಟು ಬರೋರು ಪ್ರತಿ ಗುಂಪಲ್ಲೂ ಒಬ್ಬರು ಇರ್ತಾರೆ. ಸಂಜೆ ನಾಲ್ಕರ ಮೇಲೆ ಮರದಡಿ ಮಂಜಲ್ಲಿ ಅವರಿಗೆ ರಸ್ತೆ ಕಾಣಲ್ಲ, ವೈಸರ್ ಎತ್ತಿದ್ರೆ ಮಳೆ ಹನಿ ಕಣ್ಣಿಗೆ ಸೂಜಿ. ಮಂಜಲ್ಲಿ ಹೈ ಬೀಮ್ ಹಾಕಬೇಡಿ, ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತೆ. ಲೋ ಬೀಮಲ್ಲಿ ರಸ್ತೆ ಅಂಚಿನ ಬಿಳಿ ಗೆರೆ ಹಿಡಿದು ಹೋಗಿ.

ಕಾಫಿ_ಹೂ
ವೈಸರ್ ಒಳಗೆ ಹಬೆ ಕಟ್ಟೋದಕ್ಕೆ: ಪಾತ್ರೆ ತೊಳೆಯೋ ಲಿಕ್ವಿಡ್ ಒಂದೇ ಹನಿ ಒಳಭಾಗಕ್ಕೆ ಸವರಿ, ಒಣ ಹತ್ತಿ ಬಟ್ಟೇಲಿ ಉಜ್ಜಿ ಹೊಳಪು ಬರೋ ತನಕ. ತೊಳೀಬೇಡಿ. ಅರ್ಧ ದಿನ ತಡೆಯುತ್ತೆ. ಪಿನ್‌ಲಾಕ್ ಹಾಳೆ (ಹಬೆ ತಡೆಯೋ ಒಳಹಾಳೆ) ಇರೋ ವೈಸರ್‌ಗೆ ಇದು ಬೇಡ.

ನೀರ್‌ದೋಸೆ_ಪಕ್ಷ
ಕೊಟ್ಟಿಗೆಹಾರಕ್ಕೆ ಹೋಗಿ ನೀರ್ ದೋಸೆ ತಿನ್ನೋದು ಮರೀಬೇಡಿ. ಮುಖ್ಯ ಸಾಮಾನು ಅದು.

ಗಿರಿಸಾಲು
ಅಲ್ಲೇನು, ಮೂಡಿಗೆರೇಲೇ ಅಕ್ಕಿ ರೊಟ್ಟಿ ಎಣ್ಣೆಗಾಯಿ ತಿಂದು ಹೋಗಿ. ನೀರ್ ದೋಸೆ ಒಂದು ಗಂಟೆಗೆ ಕರಗುತ್ತೆ.

ನೀರ್‌ದೋಸೆ_ಪಕ್ಷ
ಹತ್ತು ತಿನ್ನಿ, ಕರಗಲ್ಲ.

ಹೇಮಾವತಿ_72
ತಿಂಡಿ ಜಗಳ ಬೇರೆ ಕಡೆ ಇಟ್ಕಳಿ. ದುಡ್ಡು ಹೇಳಿ ಮೊದಲು. ಎಲ್ಲ ಫೋನಲ್ಲೇ ಅಂತ ಪರ್ಸ್ ಮನೇಲಿ ಬಿಟ್ಟು ಬರೋ ಕಾಲ ಇದು. ಸಿಗ್ನಲ್ ಇಲ್ಲದ ಕಡೆ ಪಂಕ್ಚರ್ ಅಂಗಡಿಯವನಿಗೆ ಏನು ತೋರಿಸ್ತೀರಿ? ನೂರು, ಐವತ್ತರ ನೋಟಲ್ಲಿ ಸಾವಿರ ರೂಪಾಯಿ ಇಟ್ಕಳಿ. ಐನೂರರ ನೋಟಿಗೆ ಚಿಲ್ಲರೆ ಇಲ್ಲ ಅಂತಾರೆ.

ಸೀಟಿನಡಿ
ದಾಖಲೆ ಫೋನಲ್ಲಿದೆ ಅನ್ನೋರಿಗೆ: ಗ್ಯಾಲರೀಲಿರೋ ಫೋಟೋ ದಾಖಲೆ ಅಲ್ಲ. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಬಂದಿರೋ ಡಿಎಲ್, ಆರ್‌ಸಿ ಮಾತ್ರ ಮೂಲ ಪ್ರತಿಗೆ ಸಮ. 2018ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮ 139ಕ್ಕೆ ತಿದ್ದುಪಡಿ ಬಂದು ವಿದ್ಯುನ್ಮಾನ ರೂಪಕ್ಕೆ ಮಾನ್ಯತೆ ಸಿಕ್ತು. ಆದ್ರೆ ಚೆಕ್‌ಪೋಸ್ಟಲ್ಲಿ ಸಿಗ್ನಲ್ ಇಲ್ಲದೆ ಆ್ಯಪ್ ತಿರುಗ್ತಾ ಕೂತ್ರೆ ಅಲ್ಲಿಗೆ ಮುಗೀತು. ಮನೇಲಿ ವೈಫೈ ಇರುವಾಗಲೇ ಲಾಗಿನ್ ಆಗಿ ಪಿಡಿಎಫ್ ಇಳಿಸಿಕೊಳ್ಳಿ, ಡಿಎಲ್ ಕಾರ್ಡ್ ಜೇಬಲ್ಲಿರಲಿ. ಇನ್ಶೂರೆನ್ಸ್, ಎಮಿಷನ್ ಎರಡರ ಕೊನೇ ದಿನಾಂಕವನ್ನ ಹೊರಡೋ ವಾರ ಮುಂಚೆ ನೋಡಿ. ಹಿಂದಿನ ದಿನ ನೋಡಿದ್ರೆ ಎಮಿಷನ್ ಸೆಂಟರ್ ಮುಚ್ಚಿರುತ್ತೆ.

ನಕ್ಷೆಯೂ ಅಷ್ಟೇ. ಮೂಡಿಗೆರೆಯಿಂದ ಬಾಳೆಹೊನ್ನೂರು ತನಕದ ಭಾಗ ಆಫ್‌ಲೈನ್ ಇಳಿಸಿಡಿ.

ಫೋನ್ ಹ್ಯಾಂಡಲಿಗೆ ಕಟ್ಟೋರು ಅದುರು ತಡೆಯೋ ರಬ್ಬರ್ ಇರೋ ಮೌಂಟ್ ಹಾಕಿ. ಬೈಕ್ ಇಂಜಿನ್ನಿನ ಅದುರಿಗೆ ಕ್ಯಾಮೆರಾ ಹಾಳಾಗಬಹುದು ಅಂತ 2021ರಲ್ಲಿ ಆಪಲ್‌ನವರೇ ಎಚ್ಚರಿಕೆ ಕೊಟ್ಟಿದ್ದಾರೆ.

ಮಂಜಿನ_ದಾರಿ
ಹಿಂದೆ ಕೂರೋರ ಹೆಲ್ಮೆಟ್ ಬಗ್ಗೆ ಯಾರೂ ಹೇಳಿಲ್ಲ. ಎಂಟು ಜನ, ಐದು ಗಾಡಿ, ಎಂಟು ಹೆಲ್ಮೆಟ್ ಎಣಿಸಿ. ಮೂವರು ಹಿಂಬದಿ ಸವಾರರದ್ದು ಕೊನೆ ಗಳಿಗೆಗೆ ಯಾರದ್ದೋ ಮನೆ ಹಳೇ ಟೋಪಿ ಆಗಿರುತ್ತೆ. ಐಎಸ್ಐ ಗುರುತು, ಐಎಸ್ 4151 ಅಂತ ಇರಬೇಕು, ಪಟ್ಟಿಯ ಬಕಲ್ ಕಚ್ಚಬೇಕು. ತಲೆಗೆ ಹಾಕಿ ಪಟ್ಟಿ ಬಿಗಿ ಮಾಡಿ ಹಿಂದಿನಿಂದ ಮೇಲಕ್ಕೆ ಎತ್ತಿ ನೋಡಿ, ಕಳಚಿ ಬಂದ್ರೆ ಆ ಸೈಜ್ ಆಗಲ್ಲ.

ವೈರಿಂಗ್_ವಠಾರ
ಕೀ! ಸ್ಪೇರ್ ಕೀ ತರೋದೇ ಅಪರೂಪ, ತಂದ್ರೂ ಅದೇ ಗಾಡಿಯ ಲಾಕ್ ಆದ ಪೆಟ್ಟಿಗೆಯೊಳಗೆ ಇಡ್ತಾರೆ. ಎ ಗಾಡಿಯ ಸ್ಪೇರ್ ಬಿ ಸವಾರನ ಜೇಬಲ್ಲಿ, ಬಿ ಗಾಡಿಯದ್ದು ಸಿ ಜೇಬಲ್ಲಿ. ಕೀ ಕಳೆದ್ರೆ ಪೆಟ್ರೋಲ್ ಮುಚ್ಚಳವೂ ತೆಗೆಯಲ್ಲ, ಸೀಟೂ ತೆಗೆಯಲ್ಲ, ಟೂಲ್ ಕಿಟ್ಟೂ ಕೈಗೆ ಬರಲ್ಲ.

ಹೊಸ ಬಿಎಸ್6 (ಈಗಿನ ಎಮಿಷನ್ ನಿಯಮದ) ಗಾಡಿಗಳಲ್ಲಿ ಬಹಳಷ್ಟಕ್ಕೆ ಕಿಕ್ಕರ್ ಇಲ್ಲ. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿದ್ರೂ ಕಷ್ಟ, ಇಂಧನ ಪಂಪಿಗೇ ಕರೆಂಟ್ ಬೇಕು. ರಾತ್ರಿ ಕೀ ಆಫ್ ಮಾಡದೆ ಬಿಡೋದು, ಮೊಬೈಲ್ ಚಾರ್ಜರ್ ನೇರ ಬ್ಯಾಟರಿಗೆ ಹಾಕಿ ಬಿಡೋದು ಎರಡೂ ಅಪಾಯ. ಎರಡು ಮೀಟರಿನ ದಪ್ಪ ಜಂಪರ್ ವೈರ್ (ಇನ್ನೊಂದು ಗಾಡಿ ಬ್ಯಾಟರಿಯಿಂದ ಕರೆಂಟ್ ತಗೊಳ್ಳೋಕೆ) ಗುಂಪಿಗೆ ಒಂದು ಸಾಕು. ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಮೊದಲು ಕಿಲ್ ಸ್ವಿಚ್ (ಹ್ಯಾಂಡಲ್ ಮೇಲೆ ಇಂಜಿನ್ ಬಂದ್ ಮಾಡೋದು), ಆಮೇಲೆ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಆ ಸ್ವಿಚ್ಚಿಗೆ ಕೆಸರು ಮೆತ್ತಿದ್ರೆ ಸ್ಟ್ಯಾಂಡ್ ಮೇಲೆತ್ತಿದ್ರೂ ಗೇರ್ ಹಾಕಿದ ಕೂಡಲೇ ಇಂಜಿನ್ ಬಂದ್ ಆಗುತ್ತೆ. ಬಾಟಲಿ ನೀರು ಹೊಯ್ದು ತೊಳೆದ್ರೆ ಸರಿ.

ಎಸ್ಟೇಟ್_ರೋಡ್
ಸೈಡ್ ಸ್ಟ್ಯಾಂಡ್ ಅಂದ್ರಲ್ಲ, ಮಳೆ ನೆಂದ ಮಣ್ಣಲ್ಲಿ ನಿಲ್ಲಿಸಿದ್ರೆ ಸ್ಟ್ಯಾಂಡ್ ಹೂತು ಗಾಡಿ ಮಲಗುತ್ತೆ. ಅಂಗೈಯಗಲದ ತಗಡು ಅಥವಾ ದಪ್ಪ ಪ್ಲಾಸ್ಟಿಕ್ ತುಂಡಿಗೆ ತೂತು ಮಾಡಿ ದಾರ ಕಟ್ಟಿ ಹ್ಯಾಂಡಲಿಗೆ ಸಿಕ್ಕಿಸಿಡಿ. ದಾರ ಇಲ್ಲದಿದ್ರೆ ಹೊರಡುವಾಗ ಅಲ್ಲೇ ಬಿಟ್ಟು ಬರ್ತೀರಿ.

ಕಾಫಿ_ಹೂ
ಇಂಬಳಕ್ಕೆ (ಜಿಗಣೆಗೆ) ಏನಾದ್ರೂ ತಗೊಳ್ಳಿ. ರಸ್ತೆ ಬದೀಲಿ ಫೋಟೋಗೆ ಅಂತ ಹುಲ್ಲಲ್ಲಿ ಎರಡು ನಿಮಿಷ ನಿಂತ್ರೆ ಸಾಕು.

ಬುಲೆಟ್_ಬೇಲೂರು
ಉಪ್ಪು. ಇಲ್ಲಾಂದ್ರೆ ಬೆಂಕಿಕಡ್ಡಿ ಗೀರಿ ತಾಗಿಸಿ.

ಕಾಫಿ_ಹೂ
ಬೆಂಕಿ ಬೇಡಪ್ಪ, ಕಾಲು ಸುಡುತ್ತೆ. ಕಚ್ಚಿದ ಮೇಲೆ ಉಪ್ಪು ಹಾಕಿದ್ರೂ ಅದು ಹೊಟ್ಟೇಲಿರೋದನ್ನ ಗಾಯಕ್ಕೇ ಕಕ್ಕುತ್ತೆ. ಸಣ್ಣ ತುದಿ ಬಾಯಿ ಕಡೆ, ಅಲ್ಲಿ ಉಗುರನ್ನ ಚರ್ಮಕ್ಕೆ ಒತ್ತಿ ಪಕ್ಕಕ್ಕೆ ತಳ್ಳಿ, ಬಿಡುತ್ತೆ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಹಿರುಡಿನ್ ಬಿಡೋದ್ರಿಂದ ಸ್ವಲ್ಪ ಹೊತ್ತು ಸೋರುತ್ತೆ. ತೊಳೆದು ಹತ್ತಿ ಇಟ್ಟು ಒತ್ತಿ ಹಿಡೀರಿ. ಉಪ್ಪು ಬೇಕಿರೋದು ಮುಂಚೆ. ಬಟ್ಟೆ ಗಂಟಲ್ಲಿ ಕಟ್ಟಿ ಒದ್ದೆ ಮಾಡಿ ಶೂ, ಸಾಕ್ಸ್ ಮೇಲೆ ತಟ್ಟೋಕೆ.

ಪಂಕ್ಚರ್_ಪಂಡಿತ
ಲಗೇಜ್ ಕಟ್ಟೋ ರಬ್ಬರ್ ಹಗ್ಗದ ಬಗ್ಗೆ ಎಚ್ಚರ. ಕೊಕ್ಕೆ ಕಳಚಿದ್ರೆ ಹಗ್ಗ ಹಿಂದಿನ ಚಕ್ರಕ್ಕೋ ಚೈನಿಗೋ ಸುತ್ತಿಕೊಳ್ಳುತ್ತೆ, ಚಕ್ರ ಕಚ್ಚಿ ನಿಲ್ಲುತ್ತೆ. ಬಕಲ್ ಇರೋ ನೈಲಾನ್ ಪಟ್ಟಿ ಎರಡು ಅಡ್ಡ, ಒಂದು ಉದ್ದ. ಉಳಿದ ಬಾಲ ನೇತಾಡದ ಹಾಗೆ ಗಂಟು ಹಾಕಿ ಟೇಪ್ ಸುತ್ತಿ. ಬ್ಯಾಗು ಸೈಲೆನ್ಸರಿಗೆ ನಾಲ್ಕು ಬೆರಳು ದೂರ ಇರಲಿ. ಹೊರಟು ಹತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿ ನೋಡಿ, ಬ್ಯಾಗು ಕುಗ್ಗಿ ಪಟ್ಟಿ ಸಡಿಲ ಆಗಿರುತ್ತೆ. ಹಾಸನದಿಂದ ಹೊರಟೋರಿಗೆ ಬೇಲೂರು ತನಕ ಕಾಯೋದು ತಡವಾಯ್ತು.

ಗಿರಿಸಾಲು
ಕ್ಲಚ್ ಕೇಬಲ್ಲಿಗೆ ಒಂದು ಒಳ್ಳೆ ಉಪಾಯ. ಹೊಸ ಕೇಬಲನ್ನ ಬ್ಯಾಗಲ್ಲಿಡೋ ಬದಲು ಹಳೇದರ ಪಕ್ಕದಲ್ಲೇ ಅದೇ ದಾರೀಲಿ ಹಾಯಿಸಿ, ಎರಡೂ ತುದಿಗೆ ಎಣ್ಣೆ ಹಚ್ಚಿ ಟೇಪ್ ಸುತ್ತಿ ಬಿಡಿ. ತುಂಡಾದ್ರೆ ಎರಡು ತುದಿ ಸಿಕ್ಕಿಸಿದ್ರೆ ಆಯ್ತು, ಟ್ಯಾಂಕ್ ಬಿಚ್ಚಬೇಕಿಲ್ಲ. ಮರೆಯೋ ಮಾತೇ ಇಲ್ಲ, ಗಾಡೀಲೇ ಇರುತ್ತೆ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಳೆಯಲ್ಲ ಅಂತ ನೋಡಿ.

ಚೈನಿಗೆ ಪೆಟ್ರೋಲ್ ಹಾಕಿ ತೊಳೆದು ಹೊರಡಿ, ಜಿಡ್ಡೆಲ್ಲ ಹೋಗುತ್ತೆ.

ಹೇಮಾವತಿ_72
ಪೆಟ್ರೋಲ್ ಬೇಡ ಗಿರಿ. ಓ ರಿಂಗ್ ಚೈನಿನ ಕೊಂಡಿಗಳ ನಡುವಿನ ರಬ್ಬರ್ ಬಳೆ ಹಾಳಾಗುತ್ತೆ. ಸೀಮೆಎಣ್ಣೆ ಸಿಗದಿದ್ರೆ ಡೀಸೆಲ್, ಬ್ರಷ್ ಹಾಕಿ ಉಜ್ಜಿ ಒರೆಸಿ, ಆಮೇಲೆ 90 ನಂಬರ್ ಗೇರ್ ಆಯಿಲ್. ಇಡೀ ದಿನ ಮಳೇಲಿ ಓಡಿದ್ರೆ ಎಣ್ಣೆ ತೊಳೆದು ಹೋಗಿರುತ್ತೆ, ಹೊರನಾಡಲ್ಲಿ ರಾತ್ರಿ ಚೈನ್ ಬೆಚ್ಚಗಿರುವಾಗಲೇ ಹಚ್ಚಿ. ನೂರು ಎಂಎಲ್ ಬಾಟಲಿ ಐದು ಗಾಡಿಗೆ ಸಾಕು.

ಸೀಟಿನಡಿ
ಔಷಧ: ಕ್ರೇಪ್ ಬ್ಯಾಂಡೇಜ್ 10 ಸೆಂಟಿಮೀಟರ್ ಅಗಲದ್ದು ಎರಡು, ಗಾಜ್, ಪೊವಿಡೋನ್ ಅಯೋಡಿನ್, ಟೇಪು, ಕತ್ತರಿ. ಓಆರ್‌ಎಸ್ ಪುಡಿ, 20.5 ಗ್ರಾಂ ಪೊಟ್ಟಣ ಸರಿಯಾಗಿ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಇಡೀ ಪೊಟ್ಟಣ ಹಾಕಬೇಡಿ. ದಿನಾ ಮಾತ್ರೆ ತಗೊಳ್ಳೋರು ಎರಡು ದಿನಕ್ಕೆ ಮೂರು ದಿನದ್ದು ತನ್ನಿ, ಇದನ್ನ ಮರೆಯೋರೇ ಜಾಸ್ತಿ, ಯಾಕಂದ್ರೆ ಅದು ಬೆಳಿಗ್ಗೆ ನುಂಗೋ ತನಕ ಅಡುಗೆಮನೇಲಿರುತ್ತೆ. ರಕ್ತದ ಗುಂಪು, ಮನೆಯವರ ನಂಬರ್ ಬರೆದ ಚೀಟಿ ಹೆಲ್ಮೆಟ್ ಒಳಗಲ್ಲ, ಜಾಕೆಟ್ ಜೇಬಲ್ಲಿ. ಸಹಾಯಕ್ಕೆ 112, ಆಂಬುಲೆನ್ಸಿಗೆ 108.

ನೀರ್‌ದೋಸೆ_ಪಕ್ಷ
ಹೊರನಾಡಲ್ಲಿ ಗಂಡಸರು ಅಂಗಿ ತೆಗೆದು ಶಲ್ಯ ಹೊದ್ದು ಒಳಗೆ ಹೋಗಬೇಕು. ರೈಡಿಂಗ್ ಜಾಕೆಟ್ಟಿನವರು ಎಲ್ಲಾ ಪ್ಯಾಕ್ ಮಾಡಿ ಒಂದು ಟವೆಲ್ ಬಿಟ್ಟು ಬಂದಿರ್ತಾರೆ. ಶಲ್ಯ, ಪಂಚೆ, ಚಪ್ಪಲಿ ಮೂರೂ ಒಂದು ಕವರಲ್ಲಿ ಮೇಲ್ಗಡೆ ಇಡಿ. ಬೇಲೂರಲ್ಲೂ ಆ ಚಪ್ಪಲಿ ಬೇಕು, ಬೂಟು ಬಿಚ್ಚಿ ಕಟ್ಟೋದ್ರಲ್ಲೇ ಅರ್ಧ ಗಂಟೆ ಹೋಗುತ್ತೆ.

ಎಸ್ಟೇಟ್_ರೋಡ್
ಮಳೆ ಜೋರಿದ್ರೆ ಕಳಸ, ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮೇಲೆ ಭದ್ರೆ ಹರಿಯುತ್ತೆ. ಹೊರಡೋ ಬೆಳಿಗ್ಗೆ ಕಳಸದವರನ್ನ ಯಾರನ್ನಾದ್ರೂ ಕೇಳಿಕೊಳ್ಳಿ. ಪೆಟ್ರೋಲ್ ಮೂಡಿಗೆರೇಲಿ ಪೂರ್ತಿ ತುಂಬಿಸಿ. ಬಂಕಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಕೊಡಲ್ಲ, ಆ ಲೆಕ್ಕ ಇಟ್ಕೋಬೇಡಿ.

ಯಗಚಿ_ದಂಡೆ
ಎಲ್ಲರದ್ದೂ ಬರೆದುಕೊಂಡೆ. ಐದು ಜನಕ್ಕೆ ಐದು ಕೆಲಸ ಹಂಚ್ತೀವಿ: ಟೈರ್, ವೈರಿಂಗ್, ಔಷಧ, ದುಡ್ಡು ದಾಖಲೆ, ಮಳೆ. ಶುಕ್ರವಾರ ಸಂಜೆ ಒಬ್ಬರದ್ದು ಇನ್ನೊಬ್ಬರು ಬಿಚ್ಚಿ ನೋಡೋದು.

ಒಂದು ಉಳೀತು. ಎಕ್ಸ್‌ಪಲ್ಸಿಗೆ ಮುಂದೆ 21 ಇಂಚಿನ ಚಕ್ರ, ಹಿಂದೆ 18. ಕ್ಲಾಸಿಕ್ಕಿಗೆ ಮುಂದೆ 19, ಹಿಂದೆ 18. ನಾಲ್ಕು ಟ್ಯೂಬ್ ಹೊರಬೇಕಾ?

ಪಂಕ್ಚರ್_ಪಂಡಿತ
ಬೇಡ, ಎರಡು ಸಾಕು. ಹಿಂದಿನ 18ರದ್ದು ಒಂದು, ಎರಡೂ ಗಾಡಿಗೆ ಆಗುತ್ತೆ. ಮುಂದಿನ 21ರದ್ದು ಒಂದು, 19ಕ್ಕೂ ತಾತ್ಕಾಲಿಕವಾಗಿ ನಡೆಯುತ್ತೆ, ತೀರಾ ಬಂದ್ರೆ ಹಿಂದಿನ 18ಕ್ಕೂ ಹಾಕಬಹುದು. ದೊಡ್ಡ ಟ್ಯೂಬನ್ನ ಚಿಕ್ಕ ಚಕ್ರಕ್ಕೆ ಹಾಕುವಾಗ ಮಡಿಕೆ ಬೀಳದ ಹಾಗೆ ಸ್ವಲ್ಪ ಗಾಳಿ ತುಂಬಿ, ಪೌಡರ್ ಸವರಿ ಹಾಕಿ, ಊರು ಸಿಕ್ಕ ಕೂಡಲೇ ಬದಲಿಸಿ.

ಹಾಕೋ ಮುಂಚೆ ಟೈರಿನ ಒಳಗೆ ಬಟ್ಟೆ ಆಡಿಸಿ, ಮುಳ್ಳು ಇದ್ರೆ ದಾರ ಸಿಕ್ಕಿಕೊಳ್ಳುತ್ತೆ. ಟೈರ್ ಎತ್ತೋ ಲಿವರ್ ಮೂರು ಬೇಕು. ಒಂದು ಬದಿ ಟೈರಿನ ಅಂಚನ್ನ ರಿಮ್ಮಿನ ನಡು ಗುಂಡಿಗೆ ಒತ್ತಿ ಹಿಡಿದ್ರೆ ಇನ್ನೊಂದು ಬದಿ ಸಲೀಸಾಗಿ ಏರುತ್ತೆ, ಕೊನೆಯ ತುಂಡು ವಾಲ್ವ್ ಹತ್ತಿರ ಬರೋ ಹಾಗೆ ನೋಡ್ಕೊಳ್ಳಿ. ಲಿವರ್ ಆಳಕ್ಕೆ ತೂರಿಸಬೇಡಿ, ಹೊಸ ಟ್ಯೂಬೇ ಕಚ್ಚುತ್ತೆ.

ಯಗಚಿ_ದಂಡೆ
ಎಕ್ಸ್‌ಪಲ್ಸಿಗೆ ಸೆಂಟರ್ ಸ್ಟ್ಯಾಂಡ್ ಹಾಕಿಸಿಲ್ಲ, ಚಕ್ರ ಎತ್ತೋದು ಹೇಗೆ?

ಹೇಮಾವತಿ_72
ಸೈಡ್ ಸ್ಟ್ಯಾಂಡ್ ಹಾಕಿ, ಮುಂದಿನ ಬ್ರೇಕ್ ಲಿವರನ್ನ ಹ್ಯಾಂಡಲಿಗೆ ರಬ್ಬರ್ ಬ್ಯಾಂಡ್ ಹಾಕಿ ಬಿಗಿದು, ಒಬ್ಬರು ಗಾಡಿಯನ್ನ ಸ್ಟ್ಯಾಂಡ್ ಕಡೆ ವಾಲಿಸಿ ಹಿಡೀರಿ. ಹಿಂದಿನ ಚಕ್ರ ಎದ್ದಾಗ ಇನ್ನೊಂದು ಬದಿ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರೋ ತೋಳು) ಅಡಿ ಗಟ್ಟಿ ಕವಲು ಕೋಲೋ ಕಲ್ಲೋ ಕೊಡಿ. ಎಂಟು ಜನ ಇದ್ದೀರಲ್ಲ, ಇಬ್ಬರು ಹಿಡ್ಕಳಿ.